ಹಾಲಿಡೇ ಹೋಮ್ ಮಾರಾಟಕ್ಕಿದೆ

"ಹೊನ್ನಾವರ ಪೇಟೆಯಿಂದ ನಡೆದು ಹೋಗುವ ದೂರದಲ್ಲಿ ಹಾಲಿಡೇ ಹೋಮ್ ಮಾರಾಟಕ್ಕಿದೆ. 12 ಗುಂಟೆ ಜಾಗ, ಚಿರೆಕಲ್ಲಿನ ಹಂಚಿನ ಮನೆ, ಬತ್ತದ ಬಾವಿ, 9 ತೆಂಗಿನ ಮರ, 2 ಹಲಸು. ಕಾಗದಪತ್ರ ಕ್ಲಿಯರ್. 84 ಲಕ್ಷ."

ಈ ಜಾಹೀರಾತು ಬರೆದವನು ನಾನೇ. ಮನೆಯಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಗೊತ್ತಲ್ಲ, ಪ್ರಿಂಟರ್ ಕೆಟ್ಟರೂ ಅವನೇ, ಅಜ್ಜನ ಮನೆ ಮಾರಿದರೂ ಅವನೇ. ಫೋಟೋ ತೆಗೆದದ್ದು, ಸೈಟಿಗೆ ಹಾಕಿದ್ದು, ಫೋನ್ ಎತ್ತಿದ್ದು, ಯಾರಿಗೆಷ್ಟು ಅಂತ ಎಕ್ಸೆಲ್ ಶೀಟ್ ಮಾಡಿದ್ದು ಎಲ್ಲ ನಾನು. 'ಹಾಲಿಡೇ ಹೋಮ್' ಅನ್ನುವ ಹೆಸರು ಮಾತ್ರ ಬ್ರೋಕರ್ ಕೊಟ್ಟದ್ದು. "ಹಳೇ ಮನೆ ಅಂದ್ರೆ ಬರೀ ಜಾಗದ ರೇಟು ಕೇಳ್ತಾರೆ. ಹಾಲಿಡೇ ಹೋಮ್ ಅಂತ ಹಾಕಿ, ಬೆಂಗಳೂರಿನವರು ಫೋನ್ ಮಾಡ್ತಾರೆ" ಅಂದ. ಹಾಗೇ ಆಯಿತು. ಮೊದಲ ವಾರವೇ ಹದಿನೇಳು ಫೋನ್.

'ಕಾಗದಪತ್ರ ಕ್ಲಿಯರ್' ಅನ್ನೋದು ನನ್ನದೇ ಸೇರ್ಪಡೆ. ಎಲ್ಲ ಜಾಹೀರಾತಿನಲ್ಲೂ ಇರುತ್ತಲ್ಲ ಅಂತ ಹಾಕಿದ್ದೆ.

ಮನೆ ಕಟ್ಟಿಸಿದ್ದು ಅಜ್ಜ, 1972ರಲ್ಲಿ. ಹೈಸ್ಕೂಲ್ ಮಾಸ್ತರರ ಸಂಬಳದಲ್ಲಿ ಜಾಗ ತಗೊಂಡು, ಸಾಲ ಮಾಡಿ ಕಟ್ಟಿಸಿದ ಮನೆ. ಅಜ್ಜ 1996ರಲ್ಲಿ ತೀರಿಕೊಂಡ. ಆಗ ನನಗೆ ಒಂದು ವರ್ಷವೂ ಆಗಿರಲಿಲ್ಲ. ಅಜ್ಜಿ ಅಲ್ಲೇ ಇದ್ದಳು, 2011ರವರೆಗೆ. ಆಮೇಲೆ ಬೀಗ.

ಬೀಗ ಹಾಕಿದ ಮನೆ ಕರಾವಳಿಯಲ್ಲಿ ಎಷ್ಟು ಬೇಗ ಹಾಳಾಗುತ್ತೆ ಅಂತ ಬೆಂಗಳೂರಿನವರಿಗೆ ಹೇಳಿದರೆ ಅರ್ಥವಾಗಲ್ಲ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳೋ ಊರು. ಹಂಚು ಒಂದು ಸರಿದರೆ ಸಾಕು, ಕೆಳಗಿನ ರೀಪು ನೆನೆಯುತ್ತೆ, ರೀಪಿನಿಂದ ಪಕಾಸಿಗೆ, ಅಲ್ಲಿಂದ ಗೆದ್ದಲಿಗೆ ಆಹ್ವಾನ. ಪ್ರತಿ ಮೇ ತಿಂಗಳಲ್ಲಿ ಮಾಡು ಹತ್ತಿಸಿ ಹಂಚು ಕೈಯಾಡಿಸಬೇಕು, ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟಬೇಕು. ಇಲ್ಲದಿದ್ದರೆ ಚಿರೆಕಲ್ಲು ನೀರು ಕುಡಿದು ಒಳಗೆಲ್ಲ ಬೂಷ್ಟು. ಕಬ್ಬಿಣದ್ದು ಏನೇ ಇರಲಿ, ಸಮುದ್ರದ ಗಾಳಿಗೆ ಎರಡು ವರ್ಷದಲ್ಲಿ ಕೈಗೆ ಪುಡಿಯಾಗಿ ಬರುತ್ತೆ. ಹದಿನಾಲ್ಕು ವರ್ಷ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಸೇರಿ ಇದಕ್ಕೆ ಹಾಕಿದ ಖರ್ಚು 7 ಲಕ್ಷದ 20 ಸಾವಿರ. ಲೆಕ್ಕ ಹಾಕಿದ್ದು ನಾನೇ, ರಸೀದಿ ಸಮೇತ. ಕಳೆದ ಎರಡು ವರ್ಷದಲ್ಲಿ ನಾವೆಲ್ಲ ಸೇರಿ ಆ ಮನೆಯಲ್ಲಿ ಮಲಗಿದ್ದು ಹನ್ನೊಂದು ರಾತ್ರಿ. ಹೋದ ಮಳೆಗಾಲದಲ್ಲಿ ಅಡುಗೆಮನೆಯ ಮಾಡು ಒಂದು ಮೂಲೆಯಿಂದ ಕುಸಿಯಿತು. ರಿಪೇರಿಗೆ 9 ಲಕ್ಷ ಅಂದರು. ಮಾರೋಣ ಅಂತ ಮೊದಲು ಹೇಳಿದ್ದು ದೊಡ್ಡಪ್ಪ. ಬೇಡ ಅಂತ ಯಾರೂ ಹೇಳಲಿಲ್ಲ.

ನನಗೆ ಬೇಜಾರಾಯಿತಾ? ಆಯಿತು. ಆದರೆ ಪ್ರಾಮಾಣಿಕವಾಗಿ ಹೇಳಬೇಕು ಅಂದರೆ ಬೇಜಾರಿಗಿಂತ ಮೊದಲು ತಲೆಯಲ್ಲಿ ಬಂದದ್ದು 28 ಲಕ್ಷ.

ಫ್ಲ್ಯಾಟ್ ಹುಡುಕಾಟದ ಕಥೆ ಈ ಅಂಕಣದಲ್ಲಿ ಬರೆದಿದ್ದೆ, ಕೆಲವರಿಗೆ ನೆನಪಿರಬಹುದು. ಕೊನೆಗೆ ಒಂದು ಇಷ್ಟವಾಗಿತ್ತು. 1 ಕೋಟಿ 5 ಲಕ್ಷ. ಸಾಲ 75 ಲಕ್ಷ ಮೀರಿದರೆ ಬ್ಯಾಂಕು ಮನೆಯ ಬೆಲೆಯ ಶೇಕಡಾ 75ಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ನಮ್ಮ ಕೈಯಿಂದ 26 ಲಕ್ಷ 25 ಸಾವಿರ ಬೇಕು. ಮೇಲೆ ಸ್ಟ್ಯಾಂಪ್ ಡ್ಯೂಟಿ, ನೋಂದಣಿ. ಅಪ್ಪ ಹೇಳಿದ್ದ, "ಹೊನ್ನಾವರದ್ದು ಎಷ್ಟು ಬತ್ತೋ ಅದು ನಿನ್ನ ಫ್ಲ್ಯಾಟಿಗೆ" ಅಂತ. 84 ಲಕ್ಷ ಭಾಗಿಸು ಮೂರು. ನನ್ನ ಉಳಿತಾಯ ರಿಜಿಸ್ಟ್ರೇಶನ್ನಿಗೆ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಟೋಕನ್ ಕೊಟ್ಟು ಬಂದಿದ್ದೆ.

ಕೊಳ್ಳುವವರು ಸಿಕ್ಕರು. ಹೋಮ್‌ಸ್ಟೇ ಮಾಡುವವರು. ಅವರ ಮೊದಲ ಪ್ರಶ್ನೆ ಬಾವಿಯದ್ದೂ ಅಲ್ಲ, ತೆಂಗಿನ ಮರದ್ದೂ ಅಲ್ಲ, ಸಿಆರ್‌ಝಡ್. ಸಮುದ್ರದ ಭರತದ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯ, ಅದರೊಳಗೆ ಹೊಸದಾಗಿ ಕಟ್ಟೋದು ಸುಲಭವಲ್ಲ. ನಮ್ಮದು ಅದರ ಆಚೆ. ಚಿಕ್ಕವನಿದ್ದಾಗ "ಸಮುದ್ರದ ಪಕ್ಕದಲ್ಲೇ ಮನೆ ಇರಬೇಕಿತ್ತು" ಅಂತ ಅಜ್ಜನಿಗೆ ಮನಸ್ಸಿನಲ್ಲೇ ಬೈದಿದ್ದೆ. ಈಗ ನೋಡಿದರೆ ದೂರವಿದ್ದದ್ದಕ್ಕೇ ರೇಟು.

ಆಮೇಲೆ ಅವರ ವಕೀಲರು ಫೈಲ್ ಕೇಳಿದರು. ಖಾತೆ ಮೂವರು ಗಂಡುಮಕ್ಕಳ ಹೆಸರಿಗೆ ಇತ್ತು, ಇ-ಖಾತಾ ಆಗಿತ್ತು, ಬಿನ್‌ಶೇತ್ಕಿ ಆದೇಶ ಇತ್ತು, ಋಣಭಾರ ಪತ್ರ ಸ್ವಚ್ಛ. "ವಂಶವೃಕ್ಷ ಕೊಡಿ" ಅಂದರು. ಕೊಟ್ಟೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. "ಇಲ್ಲಿ ನಾಲ್ಕು ಮಕ್ಕಳಿದ್ದಾರಲ್ಲ ಸರ್. ನೀವು ಮೂರು ಅಂದಿದ್ರಿ."

ನಾಲ್ಕನೆಯವಳು ಅತ್ತೆ. ನಾಲ್ಕನೆಯವಳು ಅಂತ ಬರೆದೆ ನೋಡಿ. ವಯಸ್ಸಿನಲ್ಲಿ ಎರಡನೆಯವಳು, ಅಪ್ಪನಿಗಿಂತ ದೊಡ್ಡವಳು. 1984ರಲ್ಲಿ ಸಿದ್ದಾಪುರದ ಕಡೆ ಒಂದು ಅಡಿಕೆ ತೋಟದ ಮನೆಗೆ ಮದುವೆ ಮಾಡಿ ಕೊಟ್ಟರು.

ಫೈಲಿನಲ್ಲಿ ಅತ್ತೆಯ ಹೆಸರು ಎಲ್ಲೂ ಇರಲಿಲ್ಲ ಅಂತಲ್ಲ. ಒಂದು ಬಿಳಿ ಹಾಳೆ ಇತ್ತು, 1997ರದ್ದು. 'ಸದರಿ ಮನೆಯ ಖಾತೆಯನ್ನು ನನ್ನ ಅಣ್ಣತಮ್ಮಂದಿರ ಹೆಸರಿಗೆ ಮಾಡಲು ನನ್ನ ತಕರಾರು ಇರುವುದಿಲ್ಲ.' ಕೆಳಗೆ ಅತ್ತೆಯ ಸಹಿ, ಶಾಯಿ ಸ್ವಲ್ಪ ಹರಡಿದೆ. ಅಪ್ಪ ಅದನ್ನು ನೋಡಿ "ಹಾಂ, ಇದೆಯಲ್ಲ" ಅಂದ. ವಕೀಲರು ಒಪ್ಪಲಿಲ್ಲ. ಖಾತೆ ಅಂದರೆ ತೆರಿಗೆ ಯಾರು ಕಟ್ಟಬೇಕು ಅನ್ನುವುದರ ದಾಖಲೆ, ಮಾಲೀಕತ್ವ ಬೇರೆ. ಸ್ಥಿರಾಸ್ತಿಯಲ್ಲಿ ಹಕ್ಕು ಬಿಡುವುದಾದರೆ ಪತ್ರ ನೋಂದಣಿ ಆಗಲೇಬೇಕು. ಬಿಳಿ ಹಾಳೆಯ ಮೇಲಿನ ಸಹಿಯಿಂದ ಹಕ್ಕು ಹೋಗಲ್ಲ. ಎರಡೇ ದಾರಿ. ಒಂದೋ ಅವರೂ ಮಾರುವವರಾಗಿ ಸಹಿ ಹಾಕಿ ಪಾಲು ತಗೊಳ್ಳಬೇಕು, ಇಲ್ಲಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು.

ಆ ರಾತ್ರಿ ಮೂವರು ಅಣ್ಣತಮ್ಮಂದಿರ ವಿಡಿಯೊ ಕಾಲ್. ಮುಂಬೈಯಿಂದ ದೊಡ್ಡಪ್ಪ, ಅಮೆರಿಕದಿಂದ ಚಿಕ್ಕಪ್ಪ, ಬೆಂಗಳೂರಿನ ನಮ್ಮ ಸೋಫಾದಿಂದ ಅಪ್ಪ. ಐದು ನಿಮಿಷದಲ್ಲಿ ತೀರ್ಮಾನ ಆಯಿತು: ಎರಡನೆಯ ದಾರಿ. "ಅವಳು ಎಂದೂ ಕೇಳಿದವಳಲ್ಲ. ಮದುವೆಗೆ ಬಂಗಾರ ಹಾಕಿ ಕಳಿಸಿದ್ದು ಇದ್ದು" ಅಂದ ದೊಡ್ಡಪ್ಪ. ಯಾರು ಹೋಗಿ ಹೇಳೋದು ಅಂತ ಬಂದಾಗ ಮೂರೂ ಮುಖ ನನ್ನ ಕಡೆ. ಅತ್ತೆಗೆ ನಾನು ಅಂದರೆ ಪ್ರೀತಿ. ಅದು ಎಲ್ಲರಿಗೂ ಗೊತ್ತಿತ್ತು.

ನಾನು ಒಪ್ಪಿದೆ. ಮೂರರಿಂದ ಭಾಗಿಸಿದರೆ 28, ನಾಲ್ಕರಿಂದ ಭಾಗಿಸಿದರೆ 21. ಆ 7 ಲಕ್ಷ ಇಲ್ಲದಿದ್ದರೆ ಫ್ಲ್ಯಾಟ್ ಇಲ್ಲ. ಆಫೀಸಿನ ಪ್ರಿಂಟರ್‌ನಲ್ಲಿ ಹಕ್ಕು ಬಿಡುಗಡೆ ಪತ್ರದ ಕರಡನ್ನು ಎರಡು ಪ್ರತಿ ತೆಗೆದು, ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟುಕೊಂಡು ಶುಕ್ರವಾರ ರಾತ್ರಿಯ ಸಿದ್ದಾಪುರ ಬಸ್ ಹತ್ತಿದೆ. ಸಾಗರ ದಾಟುವವರೆಗೂ ನಿದ್ದೆ ಬರಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತೆ. ಬಂತು, ಚೆನ್ನಾಗಿಯೇ ಬಂತು.

ಅತ್ತೆ ಮನೆಯಲ್ಲಿ ತೆಳ್ಳೇವು ತಿಂದು, ಮಾವನ ಜೊತೆ ತೋಟ ಸುತ್ತಿ ಬಂದೆ. ಎಲೆಚುಕ್ಕೆ ರೋಗ ಬಂದು ಮೇಲಿನ ಬಣ್ಣದ ಮರಗಳ ಸೋಗೆ ಸುಟ್ಟ ಹಾಗೆ ಕಾಣುತ್ತಿತ್ತು. ಮಾವ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಕಾಗದ ತೆಗೆದೆ.

"ಕನ್ನಡಕ ಒಳಗಿದ್ದು. ನೀನೇ ಓದು ತಮಾ" ಅಂದಳು ಅತ್ತೆ.

ಓದಿದೆ. ಕಾಗದದ ಭಾಷೆ ನಿಮಗೆ ಗೊತ್ತಲ್ಲ. 'ನಾನು ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಪ್ರೀತಿ ವಿಶ್ವಾಸಪೂರ್ವಕವಾಗಿ...' ಅಲ್ಲಿಗೆ ಬಂದಾಗ ಧ್ವನಿ ಸಣ್ಣದಾಯಿತು. ನನ್ನ ಕೋಡನ್ನು ಬೇರೆಯವರ ಮುಂದೆ ಗಟ್ಟಿಯಾಗಿ ಓದುವಾಗ ತಪ್ಪು ಸಿಗುತ್ತಲ್ಲ, ಹಾಗೆ.

ಅತ್ತೆ ಪೂರ್ತಿ ಕೇಳಿದಳು. ಮತ್ತೆ ಕೇಳಿದ್ದು ಕಾಗದದ ಬಗ್ಗೆ ಅಲ್ಲ. ಫ್ಯಾಮಿಲಿ ಗ್ರೂಪಿಗೆ ನಾನು ಹಾಕಿದ ಜಾಹೀರಾತಿನ ಬಗ್ಗೆ.

"ಹಾಲಿಡೇ ಹೋಮ್ ಹೇಳ್ರೆ ಎಂತ?"

"ರಜೆಯಲ್ಲಿ ಹೋಗಿ ಇರೋ ಮನೆ ಅತ್ತೆ."

"ಹೌದನಾ. ಯಾರ ರಜೆ?"

ನಗುತ್ತಲೇ ಕೇಳಿದ್ದು. ನಾನೂ ನಕ್ಕೆ. ಆಮೇಲೆ ಅವಳು ಹೇಳಿದ್ದನ್ನು ನಮ್ಮ ಮನೆಮಾತಿನಲ್ಲೇ ಬರೆದರೆ ಎಷ್ಟೋ ಜನರಿಗೆ ತೊಡಕಾಗುತ್ತೆ, ಆದ್ದರಿಂದ ನನ್ನ ಮಾತಿನಲ್ಲೇ ಹೇಳುತ್ತೇನೆ.

ನನ್ನ ನೆನಪಿನ ಹೊನ್ನಾವರ ಹೀಗಿದೆ: ಏಪ್ರಿಲ್ ಕೊನೆಗೆ ಬೆಂಗಳೂರು ಬಸ್ಸು ಗೇರಸೊಪ್ಪ ಘಟ್ಟ ಇಳಿಯುವಾಗಲೇ ಕಿಟಕಿಯಿಂದ ಉಪ್ಪು ವಾಸನೆ ಬಂತು ಅಂತ ಸುಳ್ಳು ಸುಳ್ಳೇ ಕೂಗೋದು. ಶರಾವತಿ ಸೇತುವೆ ದಾಟಿ ಕಾಸರಕೋಡಿನ ಸಮುದ್ರ, ಒಂದು ದಿನ ಅಪ್ಸರಕೊಂಡ, ವಾಪಸ್ ಬಂದರೆ ಬಾವಿಕಟ್ಟೆಯಲ್ಲಿ ಕೊಡಗಟ್ಟಲೆ ನೀರು. ಹದಿನೈದು ಜನ ಒಟ್ಟಿಗೆ ಊಟಕ್ಕೆ ಕೂರೋದು. ಅಪ್ಪೆಹುಳಿ, ಹಲಸಿನ ಹಪ್ಪಳ, ಸಂಜೆ ತೊಡದೇವು. ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂದಾಗ ನನ್ನದೇ ಬೀಚಿಗೆ ಸಿಕ್ಕಿತು ಅನ್ನುವಂತೆ ಸ್ಟೇಟಸ್ ಹಾಕಿದ್ದೆ.

ಅತ್ತೆಯ ಹೊನ್ನಾವರ: ನಾವು ಬರುವುದಕ್ಕೆ ಒಂದು ವಾರ ಮೊದಲು ಬಂದು ಮನೆ ಗುಡಿಸಿ, ಬಾವಿ ತೋಡಿಸಿ, ಹಾಸಿಗೆ ಬಿಸಿಲಿಗೆ ಹಾಕೋದು. ಹಲಸಿನ ಕಾಯಿ ಬಿಡಿಸಿ, ಬೇಯಿಸಿ, ಕುಟ್ಟಿ, ಹಪ್ಪಳ ಒತ್ತೋದು. ಹದಿನೈದು ಜನರ ತಿಂಡಿ, ಅದು ಮುಗಿಯುವಷ್ಟರಲ್ಲಿ ಊಟ. ಎಲ್ಲರೂ ಸಮುದ್ರಕ್ಕೆ ಹೋದ ಮೇಲೆ ಎಮ್ಮೆಗೆ ಹುಲ್ಲು. ಎಲ್ಲರೂ ಹೊರಟ ಮೇಲೆ ಬಟ್ಟೆ ಒಗೆದು, ಪಾತ್ರೆ ಮೇಲಿಟ್ಟು, ಕೊನೆಯ ಬಸ್ಸಿಗೆ ಸಿದ್ದಾಪುರ. ಅಜ್ಜಿ ಹಾಸಿಗೆ ಹಿಡಿದ ಎರಡು ವರ್ಷ ತಿಂಗಳಿಗೆ ಹತ್ತು ದಿನ ಅಲ್ಲೇ. ದೂರು ಹೇಳಿದ್ದಲ್ಲ ಇದು. ಅಪ್ಪನ ಮನೆ, ಮಾಡಿದೆ ಅಂದಳು. "ಸಮುದ್ರಕ್ಕೆ ಹೋದ್ಯಾ ಯಾವಾಗಾದ್ರೂ?" ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, ಮದುವೆಗೆ ಮೊದಲು ಹೋಗಿದ್ದೆ ಅಂದಳು.

ಆ 1997ರ ಬಿಳಿ ಹಾಳೆಯ ಫೋಟೋ ಮೊಬೈಲಿನಲ್ಲಿತ್ತು, ತೋರಿಸಿದೆ. ಅವಳಿಗೆ ನೆನಪಿತ್ತು. ಅಜ್ಜನ ವರ್ಷಾಂತಕ್ಕೆ ಅಡುಗೆ ಮಾಡುತ್ತಾ ಇದ್ದಳಂತೆ, ಅನ್ನ ಬಸಿಯುವಾಗ ದೊಡ್ಡಪ್ಪ ಕಾಗದ ಹಿಡಿದು ಒಳಗೆ ಬಂದ. ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಶಾಯಿ ಹರಡಿದ್ದು ಅದಕ್ಕೇ.

"ಈ ಸಲ ಕೈ ಒಣಗಿದ್ದು ತಮಾ" ಅಂದಳು. "ಯಂಗೂ ಪಾಲು ಬೇಕು."

ಎಂತಕ್ಕೆ ಅಂತ ಬಾಯಿ ತುದಿಗೆ ಬಂದಿತ್ತು. ಕೇಳಲಿಲ್ಲ. ದೊಡ್ಡಪ್ಪನಿಗಾಗಲೀ ಚಿಕ್ಕಪ್ಪನಿಗಾಗಲೀ ಎಂತಕ್ಕೆ ಅಂತ ಯಾರೂ ಕೇಳಿರಲಿಲ್ಲ. ರಿಪೇರಿಗೆ ಮೂವರೂ 7 ಲಕ್ಷ ಚಿಲ್ಲರೆ ಹಾಕಿದ್ದಾರೆ ಅಂತ ಮಾತ್ರ ಹೇಳಿದೆ. "ಅದರಲ್ಲಿ ನನ್ನ ಪಾಲೂ ಮುರ್ಕೊಳ್ಳಿ, ಅಡ್ಡಿಲ್ಲೆ" ಅಂದಳು. ಅಂದರೆ 1 ಲಕ್ಷ 80 ಸಾವಿರ. ಅವಳು ಕೈಯಿಂದ ಮಾಡಿದ ಕೆಲಸಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ, ಅವಳೂ ಕೇಳಲಿಲ್ಲ.

ಎರಡೂ ಪ್ರತಿ ಬ್ಯಾಗಿನಲ್ಲಿಟ್ಟು ಹಾಗೇ ವಾಪಸ್ ಬಂದೆ.

ಬೆಂಗಳೂರಿಗೆ ಬಂದು ಎರಡು ದಿನ ಯಾರಿಗೂ ಏನೂ ಹೇಳಲಿಲ್ಲ. ಅತ್ತೆ ಯೋಚನೆ ಮಾಡ್ತಾಳಂತೆ ಅಂದುಬಿಟ್ಟೆ. ಅವಳು ಯೋಚನೆ ಮಾಡಿ ಆಗಿತ್ತು, ಮಾಡುತ್ತಿದ್ದದ್ದು ನಾನು. ಲ್ಯಾಪ್‌ಟಾಪಿನಲ್ಲಿ ಎರಡು ಫೈಲ್ ಇದ್ದವು, ಒಂದರಲ್ಲಿ ಮೂರು ಪಾಲು, ಒಂದರಲ್ಲಿ ನಾಲ್ಕು. ಅಪ್ಪನೇ ಹೋಗಿ ಒಂದು ಮಾತು ಹೇಳಿದರೆ ಅತ್ತೆ ಬಿಟ್ಟುಕೊಡುತ್ತಾಳೇನೋ ಅಂತಲೂ ಅನ್ನಿಸಿತ್ತು. ಬಹುಶಃ ಬಿಟ್ಟುಕೊಡುತ್ತಿದ್ದಳು ಕೂಡ. ಬುಧವಾರ ನಾಲ್ಕರದ್ದನ್ನು ಗ್ರೂಪಿಗೆ ಹಾಕಿದೆ.

ದೊಡ್ಡಪ್ಪ ರೇಗಿದ. ವಾಟ್ಸ್ಆ್ಯಪಿನಲ್ಲಿ ಒಂದು ಫಾರ್ವರ್ಡ್ ಕಳಿಸಿದ: 1994ಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ ಪಾಲಿಲ್ಲ. ಇದು ನಿಮ್ಮ ಮನೆಯ ಗ್ರೂಪಿಗೂ ಬಂದಿರುತ್ತೆ, ಆದ್ದರಿಂದ ವಕೀಲರು ನನಗೆ ತಿಳಿಸಿ ಹೇಳಿದ್ದನ್ನು ಬರೆದುಬಿಡ್ತೀನಿ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅದರಲ್ಲಿ ಆಗಲೇ ಮದುವೆಯಾದವರನ್ನು ಬಿಟ್ಟಿದ್ದು ನಿಜ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಆ ಷರತ್ತು ಇಲ್ಲ. ಆ ದಿನ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ನಮ್ಮ ಮಟ್ಟಿಗೆ ಈ ಯಾವುದೂ ಬೇಕಾಗಿಯೇ ಇರಲಿಲ್ಲ. ಮನೆ ಅಜ್ಜನ ಸ್ವಯಾರ್ಜಿತ. ವಿಲ್ ಬರೆಯದೆ ತೀರಿಕೊಂಡ. ಅಂಥ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಅಂತ 1956ರ ಮೂಲ ಕಾಯ್ದೆಯಲ್ಲೇ ಇದೆ. ಅಜ್ಜಿಯ ಪಾಲೂ ನಂತರ ನಾಲ್ವರಿಗೇ. ಅಂದರೆ ಅಜ್ಜ ಹೋದ ದಿನದಿಂದ ಅತ್ತೆ ಆ ಮನೆಯ ಪಾಲುದಾರಳು.

ಹಾಗಿದ್ದರೆ ಆಗಲೇ ಯಾಕೆ ಕೇಳಲಿಲ್ಲ? ಇದಕ್ಕೂ ಉತ್ತರ ಅದೇ ಕಾಯ್ದೆಯಲ್ಲಿತ್ತು. 23ನೇ ಕಲಂ. ಕುಟುಂಬದವರು ವಾಸವಿರುವ ಮನೆಯಾದರೆ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಗಳು ಪಾಲು ಮಾಡಿಕೊಡಿ ಅಂತ ಕೇಳುವ ಹಾಗಿಲ್ಲ. ಪಾಲು ಉಂಟು, ಕೇಳುವ ಹಾಗಿಲ್ಲ! ಆ ಕಲಂ ತೆಗೆದದ್ದು 2005ರ ಸೆಪ್ಟೆಂಬರ್ 9ರಂದು. ಅಷ್ಟರಲ್ಲಿ ಕೇಳದೇ ಇರುವುದು ಅತ್ತೆಯ ಸ್ವಭಾವ ಅಂತ ನಾವೆಲ್ಲ ನಂಬಿಯಾಗಿತ್ತು.

ಚಿಕ್ಕಪ್ಪ 'ಓಕೆ' ಅಂತ ಒಂದೇ ಪದ ಹಾಕಿದ. ಅವನಿಗೆ ಅಲ್ಲಿ ಕೂತು ಮುಖ್ತ್ಯಾರು ಪತ್ರ ಮಾಡಿಸಿ ಕಳಿಸುವುದೇ ದೊಡ್ಡ ತಲೆನೋವು. ಅಪ್ಪ ನನ್ನ ಜೊತೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ನನ್ನ ಮೇಲೋ, ತನ್ನ ಮೇಲೋ ಗೊತ್ತಾಗಲಿಲ್ಲ. ಆಯಿ ಮಾತ್ರ (ನಮ್ಮ ಕಡೆ ಅಮ್ಮನಿಗೆ ಆಯಿ ಅಂತೀವಿ) ಚಪಾತಿ ಲಟ್ಟಿಸುತ್ತಾ, "ನನ್ನ ಅಪ್ಪನ ಮನೆ ಖಾತೆ ಯಾರ ಹೆಸರಲ್ಲಿದ್ದು ಅಂತ ಒಮ್ಮೆ ಆನ್‌ಲೈನ್ ನೋಡಿ ಹೇಳ್ತ್ಯ?" ಅಂದಳು. ತಮಾಷೆ ಅಂದುಕೊಂಡೆ. ಮಾರನೇ ದಿನ ಸರ್ವೆ ನಂಬರ್ ಬರೆದ ಚೀಟಿ ನನ್ನ ಕೀಬೋರ್ಡ್ ಮೇಲಿತ್ತು.

ಫ್ಲ್ಯಾಟ್ ಬಿಟ್ಟೆ. ಟೋಕನ್ನಿನಲ್ಲಿ 50 ಸಾವಿರ ಮುರಿದುಕೊಂಡು ಉಳಿದದ್ದು ವಾಪಸ್ ಕೊಟ್ಟರು. ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ಅಪ್ಪನ ಪಾಲು ಈಗ 21 ಲಕ್ಷ 60 ಸಾವಿರ. ತೆರಿಗೆಯ ಲೆಕ್ಕ ಬೇರೆ ಇದೆ. 2001ರ ಏಪ್ರಿಲ್ 1ರ ಬೆಲೆ ಹಿಡಿಯಲು ಮೌಲ್ಯಮಾಪಕರಿಂದ ವರದಿ ತರಬೇಕು. ಕೆಂಗೇರಿ ಆಚೆ ಸಣ್ಣದೊಂದು ನೋಡುತ್ತಿದ್ದೇನೆ.

ಮಾರಾಟದ ಕರಾರು ಆಯಿತು, ನಾಲ್ಕು ಹೆಸರಲ್ಲಿ. ನೋಂದಣಿ ಮುಂದಿನ ತಿಂಗಳು. ದೊಡ್ಡಪ್ಪ ಬರ್ತಾನೆ, ಆದರೆ ಅತ್ತೆ ಜೊತೆ ಮಾತಾಡ್ತಾನಾ ಅಂತ ಗೊತ್ತಿಲ್ಲ. ಕೀಲಿಕೈ ಕೊಡುವ ಮೊದಲು ಸಾಮಾನು ಖಾಲಿ ಮಾಡಬೇಕು ಅಂತ ಹೇಳಲು ಅತ್ತೆಗೆ ಫೋನ್ ಮಾಡಿದ್ದೆ. ಅವಳು ಆಗಲೇ ಹೊನ್ನಾವರದಲ್ಲಿದ್ದಳು. ಮಾವನನ್ನೂ ಕರೆದುಕೊಂಡು ಬಂದು ನಾಲ್ಕು ದಿನ ಆಯಿತಂತೆ.

"ಅಡುಗೆಮನೆ ಮಾಡು ಬಿದ್ದಿದ್ದಲ್ಲ, ಊಟಕ್ಕೆ ಎಂತ ಮಾಡ್ತಿ?" ಅಂದೆ.

"ಪೇಟೆಯಿಂದ ಪಾರ್ಸೆಲ್ ತತ್ತ್ರು ನಿನ್ನ ಮಾವ. ಒಲೆ ಹಚ್ಚಿದ್ನೇ ಇಲ್ಲೆ" ಅಂದಳು. ಹಿಂದೆ ಜೋರಾಗಿ ಗಾಳಿ ಕೇಳಿಸುತ್ತಿತ್ತು. ಕಾಸರಕೋಡಿನಲ್ಲಿದ್ದೇವೆ, ಸರಿಯಾಗಿ ಕೇಳಿಸ್ತಾ ಇಲ್ಲ, ಸಂಜೆ ಮಾಡು ಅಂತ ಫೋನ್ ಇಟ್ಟಳು.